ಕೈತೋಟ: ಯಾವ ಕಾಲಕ್ಕೆ ಯಾವ ಮಡಿ, ಯಾವ ಬೆಳೆ, ಎಷ್ಟು ನೀರು

ಕೈತೋಟ ಶುರು ಮಾಡುವವರು ಹೆಚ್ಚಾಗಿ ಒಳ್ಳೆಯ ಕಾಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಎಲ್ಲವನ್ನೂ ಆರಿಸುತ್ತಾರೆ. ಹವೆ ತಂಪಾಗಿದ್ದು ಬಿಸಿಲು ಹಿತವಾಗಿರುವಾಗ ಯಾವ ಮಡಿಯಲ್ಲಾದರೂ ಟೊಮೆಟೊ ಬರುತ್ತದೆ, ಯಾವ ಪಾತಿಯಲ್ಲಾದರೂ ಸೊಪ್ಪು ಏಳುತ್ತದೆ. ತೋಟ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಕೆಟ್ಟ ಕಾಲದಲ್ಲಿ. ಒಬ್ಬರಿಗೆ ಅದು ಬೇರು ಕೊಳೆಸುವ ಮಳೆ, ಇನ್ನೊಬ್ಬರಿಗೆ ಹೂ ಉದುರಿಸುವ ಬಿಸಿಲು, ಮತ್ತೊಬ್ಬರಿಗೆ ಬೀಜ ಮೊಳೆಯಲು ಬಿಡದ ಚಳಿ. ಮಡಿ, ಬೀಜ, ನೀರಿನ ಏರ್ಪಾಡು ಮೂರನ್ನೂ ಆ ಕೆಟ್ಟ ಕಾಲ ನೋಡಿ ಆರಿಸಿಕೊಳ್ಳಿ. ಉಳಿದ ಕಾಲ ಹೇಗೂ ನಡೆದುಹೋಗುತ್ತದೆ.

ಗುಂಡಿ ಪರೀಕ್ಷೆ, ನೆರಳಿನ ಲೆಕ್ಕ

ಮಡಿ ಹಾಕಬೇಕೆಂದಿರುವ ಜಾಗದಲ್ಲಿ 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೋಡಿ ತುಂಬ ನೀರು ಹಾಕಿ. ಅದು ಬಸಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಮಳೆಗಾಲವೇ ನಿಮ್ಮ ಶತ್ರು. ಒಂದು ಗಂಟೆಯೊಳಗೆ ಇಂಗಿಹೋದರೆ ಬೇಸಿಗೆ. ಮಣ್ಣಿನ ಬಗ್ಗೆ ಇದಕ್ಕಿಂತ ಸುಲಭದ, ನಂಬಿಕೆಯ ಪರೀಕ್ಷೆ ಇಲ್ಲ.

ಬಿಸಿಲನ್ನು ಒಂದೇ ದಿನ ನೋಡಿ ಲೆಕ್ಕ ಹಾಕಬೇಡಿ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಗೋಡೆ, ಮರಗಳ ನೆರಳು ಉದ್ದವಾಗುತ್ತದೆ. ಬೇಸಿಗೆಯಲ್ಲಿ ಏಳು ಗಂಟೆ ಬಿಸಿಲು ಬೀಳುವ ಮಡಿಗೆ ಚಳಿಗಾಲದಲ್ಲಿ ಮೂರು ಗಂಟೆಯೂ ಸಿಗದೆ ಹೋಗಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಸೋರೆ, ಹೀರೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 3-4 ಗಂಟೆ ಸಾಕು, ಬೇಸಿಗೆಯಲ್ಲಂತೂ ಅಷ್ಟೇ ಇದ್ದರೆ ಇನ್ನೂ ಒಳ್ಳೆಯದು.

ನೆಲದ ಮಡಿ, ಏರುಮಡಿ, ತಗ್ಗುಮಡಿ, ಕುಂಡ

ನೀರು ನಿಲ್ಲುವ ಮಣ್ಣಿಗೆ ಏರುಮಡಿ ಬಿಟ್ಟು ಬೇರೆ ದಾರಿಯಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಬಿಟ್ಟರೆ ಒಂದೆರಡು ದಿನದಲ್ಲೇ ಟೊಮೆಟೊ, ಮೆಣಸಿನ ಗಿಡ ಜೋತುಬೀಳುತ್ತವೆ. ನೋಡಿದವರು ನೀರು ಸಾಲದೆಂದು ಇನ್ನಷ್ಟು ಸುರಿಯುತ್ತಾರೆ, ಗಿಡ ಅಲ್ಲಿಗೆ ಮುಗಿಯಿತು. ಏರುಮಡಿಯ ಅಗಲ 1 ಮೀಟರಿನಿಂದ 1.2 ಮೀಟರ್ ಇರಲಿ. ಅದಕ್ಕಿಂತ ಅಗಲವಾದರೆ ನಡುವಿಗೆ ಕೈ ಎಟುಕದೆ ಮಡಿಯೊಳಗೆ ಕಾಲಿಡಬೇಕಾಗುತ್ತದೆ, ತುಳಿದ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಎತ್ತರ 15-20 ಸೆಂ.ಮೀ. ಸಾಕು, ಜೇಡಿಮಣ್ಣಿಗೆ 30. ಸುತ್ತ ಹಲಗೆ, ಇಟ್ಟಿಗೆ ಕಟ್ಟಲೇಬೇಕೆಂದಿಲ್ಲ; ಪಕ್ಕದ ಕಾಲುದಾರಿಯ ಮಣ್ಣನ್ನೇ ಎಳೆದು ಮಡಿಗೆ ಏರಿಸಿದರೆ ದಾರಿಯೇ ಬಸಿಗಾಲುವೆಯಾಗುತ್ತದೆ.

ಏರುಮಡಿಯನ್ನು ಹೊಗಳುವವರು ಹೇಳದೆ ಬಿಡುವ ಮಾತೊಂದಿದೆ: ಬೇಸಿಗೆಯಲ್ಲಿ ಅದು ನೆಲದ ಮಡಿಗಿಂತ ಬೇಗ ಒಣಗುತ್ತದೆ, ಬದಿಗಳಲ್ಲಂತೂ ಇನ್ನೂ ಬೇಗ. ಆದ್ದರಿಂದ ಗುಂಡಿಯ ನೀರು ಒಂದು ಗಂಟೆಯಲ್ಲಿ ಇಂಗುವ ಮರಳು ಮಣ್ಣಿನವರು ಏರುಮಡಿಯ ಆಸೆ ಬಿಡುವುದು ಲೇಸು. ಅವರಿಗೆ ಒಪ್ಪುವುದು ತಗ್ಗುಮಡಿ. ಮಡಿಯ ಮಟ್ಟ ನೆಲಕ್ಕಿಂತ 8-10 ಸೆಂ.ಮೀ. ಕೆಳಗಿರಲಿ, ಸುತ್ತ ಚಿಕ್ಕ ಬದು ಇರಲಿ. ಹಾಕಿದ ನೀರು ಹರಿದುಹೋಗದೆ ಬುಡದಲ್ಲೇ ಇಂಗುತ್ತದೆ, ಎಳೆಯ ಸಸಿಗೆ ಬಿಸಿಗಾಳಿಯೂ ನೇರವಾಗಿ ಹೊಡೆಯುವುದಿಲ್ಲ. ಜೋರು ಮಳೆ ಶುರುವಾಗುವ ಮೊದಲು ಬದುವನ್ನು ಒಂದು ಕಡೆ ಕಡಿದುಬಿಡಬೇಕು, ಇಲ್ಲದಿದ್ದರೆ ಮಡಿ ಕೆರೆಯಾಗುತ್ತದೆ. ಮಳೆ, ಬಿಸಿಲು ಎರಡೂ ಹದವಾಗಿದ್ದು ನೀರು ಮೂರ್ನಾಲ್ಕು ಗಂಟೆಯಲ್ಲಿ ಬಸಿಯುವ ಮಣ್ಣಾದರೆ ಸುಮ್ಮನೆ ನೆಲದ ಮಡಿ ಮಾಡಿ. ಖರ್ಚೂ ಇಲ್ಲ, ಬೇರು ಇಳಿಯುವಷ್ಟು ಆಳವೂ ಇರುತ್ತದೆ.

ಕುಂಡ, ಗ್ರೋ ಬ್ಯಾಗ್‌ಗಳ ದೊಡ್ಡ ಅನುಕೂಲವೆಂದರೆ ಗಿಡವನ್ನೇ ಜಾಗ ಬದಲಿಸಬಹುದು. ಬೇಸಿಗೆಯಲ್ಲಿ ನೆರಳಿಗೆ, ಚಳಿಗಾಲದಲ್ಲಿ ಬಿಸಿಲಿಗೆ, ಬಿರುಮಳೆಯಲ್ಲಿ ಸೂರಿನಡಿಗೆ. ತೊಂದರೆ ಬರುವುದು ಬೇರಿನ ಬಿಸಿಯಿಂದ. ಕಪ್ಪು ಪ್ಲಾಸ್ಟಿಕ್ ಚೀಲ ಮಧ್ಯಾಹ್ನದ ಬಿಸಿಲಿನಲ್ಲಿದ್ದರೆ ಒಳಗಿನ ಮಣ್ಣು 40 ಡಿಗ್ರಿ ದಾಟುತ್ತದೆ. ಚೀಲದ ಅಂಚಿನ ಬೇರು ಸುಟ್ಟಂತಾಗಿ, ಮಣ್ಣಿನಲ್ಲಿ ನೀರಿದ್ದರೂ ಗಿಡ ಬಾಡುತ್ತದೆ. ತಿಳಿ ಬಣ್ಣದ ಕುಂಡ, ಇಲ್ಲವೆ ಕುಂಡಗಳನ್ನು ಒತ್ತೊತ್ತಾಗಿ ಇಟ್ಟು ಹೊರಸಾಲಿಗೆ ಗೋಣಿ ಸುತ್ತುವುದು ಇದಕ್ಕೆ ಉಪಾಯ. ಅಳತೆಯಲ್ಲಿ ಜಿಪುಣತನ ಬೇಡ. ಟೊಮೆಟೊ, ಬದನೆಗೆ ಗಿಡವೊಂದಕ್ಕೆ 20 ಲೀಟರ್, ಮೆಣಸಿನಕಾಯಿಗೆ 10-12 ಲೀಟರ್, ಬಳ್ಳಿ ತರಕಾರಿಗೆ 40 ಲೀಟರಿನ ತೊಟ್ಟಿ. ಸೊಪ್ಪಿಗೆ ಮಾತ್ರ 15 ಸೆಂ.ಮೀ. ಆಳದ ಟ್ರೇ ಸಾಕು. ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಸಮಸಮ ಕಲಸಿ. ಬರೀ ತೋಟದ ಮಣ್ಣು ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಹೆಂಟೆಗಟ್ಟಿ, ಮೇಲೆ ಹಾಕಿದ ನೀರು ಅಂಚಿನ ಬಿರುಕಿನಲ್ಲಿ ಜಾರಿ ತಳದ ತೂತಿನಿಂದ ಹೊರಗೆ ಹೋಗುತ್ತದೆ.

ಮಹಡಿಯ ಮೇಲೆ ಮಡಿ ಕಟ್ಟುವವರು ತೂಕವನ್ನು ಮರೆಯಬಾರದು. 20 ಸೆಂ.ಮೀ. ಆಳದ ಒದ್ದೆ ಮಣ್ಣು ಚದರ ಮೀಟರಿಗೆ 300 ಕಿಲೋ ಮೀರುತ್ತದೆ. ಕಟ್ಟಡ ಬಲ್ಲವರನ್ನು ಕೇಳದೆ ಕುಂಡಕ್ಕಿಂತ ಮುಂದಕ್ಕೆ ಹೋಗಬೇಡಿ.

ನೇರ ಬಿತ್ತನೆಯೋ, ಸಸಿ ನೆಡುವುದೋ

ಕೆಲವಕ್ಕೆ ಆಯ್ಕೆಯೇ ಇಲ್ಲ. ಕ್ಯಾರೆಟ್, ಮೂಲಂಗಿಗಳನ್ನು ಕಿತ್ತು ನೆಟ್ಟರೆ ತಾಯಿಬೇರು ಮುರಿದು ಗಡ್ಡೆ ಕವಲೊಡೆಯುತ್ತದೆ, ನೇರವಾಗಿಯೇ ಬಿತ್ತಬೇಕು. ಹುರುಳಿಕಾಯಿ, ಬೆಂಡೆ, ಕೊತ್ತಂಬರಿ, ಮೆಂತ್ಯ, ಹರಿವೆ ಕೂಡ ಹಾಗೆಯೇ. ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸುಗಳ ಬೀಜ ಸಣ್ಣದು, ಬೆಳವಣಿಗೆ ನಿಧಾನ. ಸಸಿಮಡಿಯಲ್ಲಿ ಬೆಳೆಸಿ ನೆಡುವುದೇ ಸರಿ. ಕೋಸಿಗೆ 4 ವಾರ, ಟೊಮೆಟೊ ಮತ್ತು ಬದನೆಗೆ 4-5 ವಾರ, ಮೆಣಸಿನಕಾಯಿಗೆ 5-6 ವಾರ ಹಿಡಿಯುತ್ತದೆ. ಬಲಿತುಹೋದ ಸಸಿ ದೊಡ್ಡದಾಗಿ ಕಾಣುತ್ತದೆಂದು ಮೋಸಹೋಗಬೇಡಿ. ಹೂಕೋಸಿನಲ್ಲಿ ಅಂಥ ಸಸಿ ನೆಟ್ಟರೆ ಎಲೆ ಬೆಳೆಯುವ ಮುನ್ನವೇ ಅಂಗಿಯ ಗುಂಡಿಯಷ್ಟು ಚಿಕ್ಕ ಹೂ ಕಟ್ಟಿ ಅಲ್ಲಿಗೇ ನಿಲ್ಲುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ಸೋರೆ, ಹೀರೆ, ಹಾಗಲ, ಸೌತೆಗಳ ವಿಷಯದಲ್ಲಿ. ಬೆಚ್ಚನೆಯ ಮಣ್ಣಿದ್ದರೆ ನೇರವಾಗಿ ಬಿತ್ತಿದ ಬಳ್ಳಿಯೇ ಬಲವಾಗಿ ಬರುತ್ತದೆ. ಜೋರು ಮಳೆಯ ಕಾಲದಲ್ಲಿ ಬೀಜ ಕೊಳೆಯುತ್ತದೆ, ಚಳಿಯಲ್ಲಿ ಮೊಳೆಯುವುದೇ ಇಲ್ಲ; ಆಗ ಕಾಗದದ ಲೋಟದಲ್ಲಿ ಒಂದೊಂದು ಬೀಜ ಹಾಕಿ 2-3 ವಾರಕ್ಕೆ, ಮೊಳಕೆಯ ಮೊದಲ ಜೋಡಿ ಬಿಟ್ಟು ಎರಡು ಮೂರು ನಿಜವಾದ ಎಲೆ ಬಂದಾಗ, ಮಣ್ಣಿನ ಮುದ್ದೆ ಒಡೆಯದಂತೆ ಇಳಿಸಿ. ಈ ಜಾತಿಯ ಬೇರು ಅಲುಗಾಟ ಸಹಿಸುವುದಿಲ್ಲ. ಬೆಂಡೆಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಹಾಕಿ ಬಿತ್ತಿ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳಾಗಿಸಬೇಕು, ಒಂದೊಂದು ಹೋಳಿನಲ್ಲೂ ಒಂದು ಬೀಜವಿರುತ್ತದೆ. ಹರಿವೆಯ ಬೀಜ ತೀರಾ ಸಣ್ಣದು. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಒಣಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪು ಬೀಳುವುದಿಲ್ಲ.

ಸಸಿಮಡಿಯಲ್ಲಿ ಎದುರಾಗುವ ದೊಡ್ಡ ಕಾಟ ಬುಡ ಕೊಳೆತು ಸಸಿ ಮಲಗುವುದು. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಬಿದ್ದಿರುತ್ತದೆ. ಎತ್ತಿ ನೋಡಿದರೆ ಮಣ್ಣಿಗೆ ತಾಗುವ ಕಡೆ ಕಾಂಡ ನೀರು ಹಿಡಿದಂತಾಗಿ ದಾರದಷ್ಟು ಸಪೂರವಾಗಿರುತ್ತದೆ. ಒತ್ತಾಗಿ ಬಿತ್ತುವುದು, ಸಂಜೆ ನೀರು ಹಾಕುವುದು, ಗಾಳಿಯಾಡದ ಜಾಗ, ಈ ಮೂರೂ ಸೇರಿದರೆ ಶಿಲೀಂಧ್ರಕ್ಕೆ ಹಬ್ಬ. ಬೆಳಿಗ್ಗೆ ಮಾತ್ರ ನೀರು ಹಾಕಿ, ಮೇಲ್ಮಣ್ಣು ಆರಿದ ಮೇಲೆ ಮತ್ತೆ ಹಾಕಿ. ನೆಡುವ ಮುನ್ನ ಒಂದು ವಾರ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತ ಬಿಸಿಲಿಗೆ ಒಗ್ಗಿಸಿ, ನಾಟಿಯನ್ನು ಸಂಜೆಗೆ ಇಟ್ಟುಕೊಳ್ಳಿ.

ಯಾವ ಕಾಲಕ್ಕೆ ಯಾವ ಬೆಳೆ

ಒಂದೇ ತರಕಾರಿಯನ್ನು ವರ್ಷವಿಡೀ ಬೆಳೆಯುತ್ತೇನೆಂಬ ಹಟಕ್ಕಿಂತ, ಅದೇ ಕೆಲಸಕ್ಕೆ ಬರುವ ಇನ್ನೊಂದನ್ನು ಹುಡುಕುವುದು ಜಾಣತನ. ಪಾಲಕ್ ತಂಪಿನ ಬೆಳೆ. ಬಿಸಿ ಏರಿ ಹಗಲು ಉದ್ದವಾಯಿತೆಂದರೆ ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಡು ಎತ್ತುತ್ತದೆ, ಎಲೆ ಕಹಿಯಾಗುತ್ತದೆ. ನೆರಳು ಕಟ್ಟಿ, ಎರಡು ಹೊತ್ತು ನೀರು ಹಾಕಿ ಅದನ್ನು ಬದುಕಿಸುವ ಶ್ರಮಕ್ಕಿಂತ ಬೇಸಿಗೆಗೆ ಹರಿವೆ, ಬಸಳೆ ಹಾಕುವುದು ಮೇಲು. ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬಸಳೆಯ ಒಂದು ಗೇಣು ಕಡ್ಡಿ ಊರಿದರೆ ಸಾಕು, ಬಿಸಿ ಮತ್ತು ತೇವ ಸೇರಿದಷ್ಟೂ ಹಬ್ಬುತ್ತದೆ. ಕೊತ್ತಂಬರಿಯೂ ಪಾಲಕ್‌ನ ಗುಣದ್ದೇ. ಬೇಸಿಗೆಯಲ್ಲಿ ಬೇಕೇ ಬೇಕೆಂದರೆ ಅರೆನೆರಳಿನಲ್ಲಿ ಸ್ವಲ್ಪ ಸ್ವಲ್ಪ ಬಿತ್ತಿ, ಗೇಣುದ್ದ ಆಗುತ್ತಲೇ ಕಿತ್ತುಬಿಡಬೇಕು.

ಟೊಮೆಟೊ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಬಿಸಿಲು ಬೇಕು, ನಿಜ. ಆದರೆ ಹಗಲಿನ ಉಷ್ಣತೆ 35 ಡಿಗ್ರಿಯ ಸುತ್ತಮುತ್ತ ಇದ್ದು ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಸೊರಗಿ ಹೂ ತೊಟ್ಟಿನ ಸಮೇತ ಉದುರುತ್ತದೆ. ಗಿಡ ಹಸಿರಾಗಿಯೇ ಇರುವುದರಿಂದ ಗೊಬ್ಬರ ಸಾಲದೆಂದು ಭಾವಿಸಿ ಸಾರಜನಕ ಹಾಕಿದರೆ ಎಲೆ ಹೆಚ್ಚುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೂ ಇದೇ ಗತಿ. ಆದ್ದರಿಂದ ಬಿತ್ತನೆಯ ದಿನ ಆರಿಸುವಾಗ ಸಸಿಯ ಕಾಲ ನೋಡಬೇಡಿ, ಹೂವಿನ ಕಾಲ ನೋಡಿ. ನೆಟ್ಟ ಮೇಲೆ ಸುಮಾರು ಒಂದೂವರೆ ತಿಂಗಳಿಗೆ ಹೂ ಜೋರಾಗಿರುತ್ತದೆ, ಆ ಹೊತ್ತಿಗೆ ಹವೆ ಹಿತವಾಗಿರುವಂತೆ ಹಿಂದಕ್ಕೆ ಎಣಿಸಿ. ಉರಿಬಿಸಿಲಿನ ತಿಂಗಳುಗಳಲ್ಲಿ ಅದೇ ಜಾಗಕ್ಕೆ ಬೆಂಡೆ, ಬದನೆ ಒಳ್ಳೆಯದು. ಬೆಂಡೆ 50-60 ದಿನಕ್ಕೆ ಬರುತ್ತದೆ, ಶುರುವಾದ ಮೇಲೆ ದಿನ ಬಿಟ್ಟು ದಿನ ಕೊಯ್ಯಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಬೀಜ ಕಟ್ಟುವುದಕ್ಕೆ ಇಳಿದು ಹೊಸ ಹೂ ಕಡಿಮೆ ಮಾಡುತ್ತದೆ.

ಮಳೆಗಾಲಕ್ಕೆ ಬಳ್ಳಿ ತರಕಾರಿಗಳು. ಇಲ್ಲಿ ಆಯ್ಕೆ ಇರುವುದು ನೆಲದಲ್ಲಿ ಹರಿಯಬಿಡುವುದೋ, ಚಪ್ಪರವೋ ಎಂಬುದರಲ್ಲಿ. ಕುಂಬಳ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಚಪ್ಪರ ಹಾಕಿ. ಒದ್ದೆ ನೆಲಕ್ಕೆ ತಾಗಿದ ಕಾಯಿ ಕೊಳೆಯುತ್ತದೆ, ಹೀರೆ ಸೊಟ್ಟಗಾಗುತ್ತದೆ. ಹಣ್ಣುನೊಣದ ಕಾಟವಿರುವ ಕಡೆ ಕಾಯಿ ಹೆಬ್ಬೆರಳಿನಷ್ಟಿರುವಾಗಲೇ ಕಾಗದದ ಚೀಲ ಕಟ್ಟಿ. ಬಾಗಿ ಹಳದಿಯಾದ ಕಾಯಿಯನ್ನು ಕಿತ್ತು ಅಲ್ಲೇ ಬಿಸಾಡದೆ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಡಿ, ಇಲ್ಲದಿದ್ದರೆ ಒಳಗಿನ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ.

ಕ್ಯಾರೆಟ್, ಬೀಟ್‌ರೂಟ್, ಕೋಸು, ಬಟಾಣಿ ತಂಪುಕಾಲದವು, ಬೇರೆ ಕಾಲಕ್ಕೆ ಪ್ರಯತ್ನಿಸುವುದು ವ್ಯರ್ಥ. ಹೂಕೋಸಿನಲ್ಲಿ ಮಾತ್ರ ತಳಿ ನೋಡಿ ಕೊಳ್ಳಬೇಕು. ಬೇಗ ಬರುವ ತಳಿಯನ್ನು ಚಳಿಗೆ ಬಿತ್ತಿದರೆ ಗುಂಡಿ ಹೂ, ತಡವಾಗಿ ಬರುವ ತಳಿಯನ್ನು ಬೆಚ್ಚನೆಯ ಕಾಲಕ್ಕೆ ಬಿತ್ತಿದರೆ ಬರೀ ಎಲೆ. ಈರುಳ್ಳಿಯೂ ಹೀಗೆ ತಳಿ ಕೇಳುವ ಬೆಳೆ: ಕೆಲವು ತಳಿ ಹಗಲು 11-12 ಗಂಟೆ ಇದ್ದರೆ ಗಡ್ಡೆ ಕಟ್ಟುತ್ತವೆ, ಕೆಲವಕ್ಕೆ 14 ಗಂಟೆ ಬೇಕು. ಸಮಭಾಜಕದ ಹತ್ತಿರದವರು ಎರಡನೆಯ ಬಗೆಯ ಬೀಜ ತಂದರೆ ಸೊಪ್ಪು ಸಿಗುತ್ತದೆ, ಗಡ್ಡೆ ಸಿಗುವುದಿಲ್ಲ.

ಜವಾರಿಯೋ, ಹೈಬ್ರಿಡ್ಡೋ

ಇದು ತತ್ವದ ಜಗಳವಾಗಬೇಕಿಲ್ಲ. ಬೀಜ ಉಳಿಸಿಕೊಳ್ಳುವ ಮನಸ್ಸಿದ್ದರೆ ಜವಾರಿ. ಹೈಬ್ರಿಡ್‌ನಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ. ರೋಗದ ಕಾಟ ಹೆಚ್ಚಿದ್ದರೆ ಆ ರೋಗಕ್ಕೆ ನಿರೋಧವಿದೆಯೆಂದು ಪ್ಯಾಕೆಟ್ ಮೇಲೆ ಬರೆದಿರುವ ಹೈಬ್ರಿಡ್. ಬಿಳಿನೊಣ ಹೆಚ್ಚುವ ಕಾಲದಲ್ಲಿ ಟೊಮೆಟೊಗೆ ಎಲೆಮುದುರು ನಂಜು, ಬೆಂಡೆಗೆ ಎಲೆಯ ನರಗಳೆಲ್ಲ ಹಳದಿಯಾಗುವ ನಂಜು ಬರುತ್ತದೆ. ಬಂದ ಮೇಲೆ ಔಷಧವಿಲ್ಲ, ಕಿತ್ತು ಹಾಕುವುದೊಂದೇ. ಆ ಕಾಲಕ್ಕೆ ನಿರೋಧಕ ತಳಿ, ಉಳಿದ ಕಾಲಕ್ಕೆ ಜವಾರಿ ಎಂದು ಹಂಚಿಕೊಂಡರೆ ಎರಡೂ ಸಿಕ್ಕಿತು.

ಬೀಜ ತೆಗೆಯುವುದಾದರೆ ಟೊಮೆಟೊ, ಹುರುಳಿಕಾಯಿಯಿಂದ ಶುರು ಮಾಡಿ, ಅವು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಹೀರೆ, ಕುಂಬಳಗಳದ್ದು ದುಂಬಿಯ ಕೆಲಸ; ಪಕ್ಕದ ತೋಟದ ತಳಿಯೊಂದಿಗೆ ಬೆರಕೆಯಾಗುತ್ತದೆ. ಹಳೆಯ ಬೀಜವಿದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಆರೇಳು ಮೊಳೆತರೆ ಸ್ವಲ್ಪ ಒತ್ತಾಗಿ ಬಿತ್ತಿ ನಡೆಸಬಹುದು. ಈರುಳ್ಳಿ ಬೀಜ ಒಂದು ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಟೊಮೆಟೊ ಬೀಜ ನಾಲ್ಕು ವರ್ಷ ತಡೆಯುತ್ತದೆ.

ಗಿಡದ ಆಕಾರವೂ ಕಾಲದ ಪ್ರಶ್ನೆಯೇ. ಕುಳ್ಳ ಟೊಮೆಟೊ, ಕುಳ್ಳ ಹುರುಳಿಕಾಯಿ ಒಮ್ಮೆಲೇ ಕಾಯಿ ಬಿಟ್ಟು ಮುಗಿಸುತ್ತವೆ. ಒಳ್ಳೆಯ ಹವೆ ಎರಡು ಮೂರು ತಿಂಗಳು ಮಾತ್ರ ಸಿಗುವವರಿಗೆ ಅವೇ ಸರಿ. ಹವೆ ಬಹುಕಾಲ ಹಿತವಾಗಿರುವ ಕಡೆ ಉದ್ದ ಬೆಳೆಯುವ ತಳಿಗೆ ಊರುಗೋಲು ಕೊಟ್ಟು, ಎಲೆಕಂಕುಳಿನ ಚಿಗುರು ಚಿವುಟುತ್ತ ಬೆಳೆಸಿದರೆ ಅಷ್ಟೇ ಜಾಗದಲ್ಲಿ ತಿಂಗಳುಗಟ್ಟಲೆ ಕೊಯ್ಯಬಹುದು.

ನೀರು: ಹೂಜಿ, ಪೈಪು, ಹನಿ

ಲೆಕ್ಕ ಸುಲಭ. ಒಂದು ಚದರ ಮೀಟರಿನಲ್ಲಿ 1 ಮಿ.ಮೀ. ನೀರೆಂದರೆ 1 ಲೀಟರ್. ಹಿತವಾದ ಹವೆಯಲ್ಲಿ ಚದರ ಮೀಟರಿಗೆ ವಾರಕ್ಕೆ 25 ಲೀಟರ್ ಸಾಕು, ಉರಿಬಿಸಿಲಿನಲ್ಲಿ ದಿನಕ್ಕೇ 5-7 ಲೀಟರ್ ಬೇಕಾಗುತ್ತದೆ. 10 ಚದರ ಮೀಟರಿನ ತೋಟಕ್ಕೆ ಬೇಸಿಗೆಯಲ್ಲಿ ದಿನಕ್ಕೆ 50-70 ಲೀಟರ್. ಅಷ್ಟು ನೀರು ನಿಮ್ಮಲ್ಲಿ ಇದೆಯೇ ಎಂದು ನೋಡಿಕೊಂಡೇ ಬೇಸಿಗೆಯ ತೋಟದ ಅಳತೆ ನಿರ್ಧರಿಸಿ. ಮಳೆಗಾಲದಲ್ಲಿ 20 ಚದರ ಮೀಟರ್ ಬೆಳೆದು ಬೇಸಿಗೆಯಲ್ಲಿ 8ಕ್ಕೆ ಇಳಿಸುವುದರಲ್ಲಿ ಸೋಲೇನೂ ಇಲ್ಲ.

ನಾಲ್ಕಾರು ಮಡಿಗೆ ಝರಿಹೂಜಿ ಸಾಕು, ಸಸಿಮಡಿಗಂತೂ ಅದೇ ಬೇಕು. ಪೈಪಿನಿಂದ ರಭಸವಾಗಿ ಬಿಟ್ಟರೆ ಮಣ್ಣು ಎದ್ದು ಎಲೆಯಡಿಗೆ ಸಿಡಿಯುತ್ತದೆ, ಮಣ್ಣಿನಲ್ಲಿರುವ ರೋಗ ಎಲೆಗೆ ಹತ್ತುವ ದಾರಿ ಅದು. ಹನಿ ನೀರಾವರಿಗೆ ಮೊದಲು ಖರ್ಚಿದೆ, ಆದರೆ ಮನೆಯವರು ಮೂರ್ನಾಲ್ಕು ದಿನ ಊರಲ್ಲಿಲ್ಲದಿದ್ದರೂ ಟೈಮರ್ ಕೂರಿಸಿದ್ದರೆ ತೋಟ ಉಳಿಯುತ್ತದೆ. ಗಂಟೆಗೆ 2 ಲೀಟರ್ ಕೊಡುವ ತೂತುಗಳು 30 ಸೆಂ.ಮೀ.ಗೊಂದರಂತೆ ಇರುವ ಕೊಳವೆಯಾದರೆ ಅರ್ಧ ಗಂಟೆಗೆ ತೂತಿಗೆ 1 ಲೀಟರ್ ಲೆಕ್ಕ. ಫಿಲ್ಟರ್ ಇಲ್ಲದೆ ಹಾಕಬೇಡಿ. ತಿಂಗಳಿಗೊಮ್ಮೆ ಕೊಳವೆಯ ತುದಿಯ ಮುಚ್ಚಳ ತೆಗೆದು ನೀರು ಬಿಟ್ಟು ಕೊಳೆ ಹೊರಹಾಕಿ.

ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಒಳಸರಿಯುವುದು ಇದರಿಂದಲೇ. ಸುಣ್ಣದ ಅಂಶ ಮಣ್ಣಿನಲ್ಲಿದ್ದರೂ ನೀರಿನ ಜೊತೆ ಅದು ಕಾಯಿಯವರೆಗೆ ಏರಬೇಕು, ನೀರು ತಪ್ಪಿದರೆ ಅದೂ ತಪ್ಪುತ್ತದೆ. ಹಣ್ಣು ಸೀಳುವುದೂ ದಿಢೀರ್ ನೀರಿನಿಂದಲೇ. ಸಂದೇಹವಿದ್ದರೆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಂಪಾಗಿದ್ದರೆ ಇವತ್ತು ನೀರು ಬೇಡ.

ಹೊದಿಕೆ, ನೆರಳು ಬಲೆ

ಬೇಸಿಗೆಯಲ್ಲಿ ಒಣಎಲೆ, ಹುಲ್ಲಿನ ಹೊದಿಕೆ 5-8 ಸೆಂ.ಮೀ. ದಪ್ಪ ಇರಲಿ, ಕಾಂಡದಿಂದ ನಾಲ್ಕು ಬೆರಳು ದೂರ. ಮಳೆಗಾಲದಲ್ಲಿ ಅದನ್ನು ತೆಳ್ಳಗೆ ಮಾಡಿ, ಇಲ್ಲದಿದ್ದರೆ ಅದರಡಿ ಬಸವನಹುಳುಗಳ ಸಂಸಾರ ಬೆಳೆಯುತ್ತದೆ. ಪ್ಲಾಸ್ಟಿಕ್ ಹಾಳೆ ಕಳೆ ತಡೆಯುತ್ತದೆ, ಚಳಿಯಲ್ಲಿ ಮಣ್ಣನ್ನು ಬೆಚ್ಚಗಿಡುತ್ತದೆ. ಬೇಸಿಗೆಗೆ ಬೇಡ. ನೆರಳು ಬಲೆ ಸೊಪ್ಪಿಗೆ ಶೇ. 50ರಷ್ಟು ಬಿಸಿಲು ತಡೆಯುವಂಥದ್ದು, ಕಾಯಿ ತರಕಾರಿಗೆ ಶೇ. 35 ಮೀರಬಾರದು. ಗಿಡದ ನೆತ್ತಿಗೇ ಹೊದಿಸದೆ ಎರಡು ಮೀಟರ್ ಎತ್ತರದಲ್ಲಿ ಕಟ್ಟಿ, ಮೋಡದ ದಿನಗಳು ಬಂದ ಕೂಡಲೇ ತೆಗೆಯಿರಿ. ಬಿಟ್ಟರೆ ಗಿಡ ಬೆಳಕು ಹುಡುಕುತ್ತ ಸಣಕಲಾಗುತ್ತದೆ.

ಒಟ್ಟಿಗೆ ಬಿತ್ತುವುದೋ, ಕಂತಿನಲ್ಲೋ

ಮನೆಬಳಕೆಗೆ ಕಂತೇ ಸರಿ. ಸೊಪ್ಪು, ಮೂಲಂಗಿಯನ್ನು ಎರಡು ವಾರಕ್ಕೊಮ್ಮೆ ಒಂದೊಂದು ಚದರ ಮೀಟರ್, ಕುಳ್ಳ ಹುರುಳಿಕಾಯಿಯನ್ನು ಮೂರು ವಾರಕ್ಕೊಮ್ಮೆ ಒಂದು ಸಾಲು. ನಾಲ್ಕು ಜನರ ಮನೆಗೆ ಮೊದಲ ಸಲ 6 ಟೊಮೆಟೊ, 3 ಬದನೆ, 4 ಮೆಣಸಿನಕಾಯಿ, 12-15 ಬೆಂಡೆ ಗಿಡ, 2 ಬಳ್ಳಿ ಸಾಕು. ಪ್ರತಿ ಬೆಳೆಗೂ ಮುನ್ನ ಚದರ ಮೀಟರಿಗೆ 2-3 ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ಕ್ಯಾರೆಟ್ ಮಡಿಗೆ ಹಸಿಗೊಬ್ಬರ ಬಿದ್ದರೆ ಗಡ್ಡೆ ಕವಲೊಡೆಯುತ್ತದೆ. ಟೊಮೆಟೊ ತೆಗೆದ ಜಾಗಕ್ಕೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಅವೆಲ್ಲ ಒಂದೇ ಕುಟುಂಬ. ಹುರುಳಿಕಾಯಿ ಇಲ್ಲವೆ ಸೊಪ್ಪು ಹಾಕಿ.

ಕಾಲ ತಿರುಗಿದಾಗ ಹಳೆಯ ಗಿಡ: ಕೀಳಬೇಕೋ, ಉಳಿಸಬೇಕೋ

ಬದನೆ, ಮೆಣಸಿನಕಾಯಿ ಗಿಡದ ಕಾಂಡ ಗಟ್ಟಿಯಾಗಿದ್ದು ಬೇರಿನಲ್ಲಿ ಗಂಟುಗಳಿಲ್ಲದಿದ್ದರೆ ಉಳಿಸಿಕೊಳ್ಳಿ. ನೆಲದಿಂದ ಒಂದೂವರೆ ಗೇಣು ಬಿಟ್ಟು, ಗಿಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಬುಡಕ್ಕೆ ಎರಡು ಬೊಗಸೆ ಕಾಂಪೋಸ್ಟ್ ಹಾಕಿ ನೀರು ಕೊಟ್ಟರೆ ಹೊಸ ಚಿಗುರು ಒಡೆದು, ಹೊಸ ಸಸಿಗಿಂತ ಬೇಗ ಕಾಯಿಗೆ ಬರುತ್ತದೆ. ಉರಿಬಿಸಿಲಿನಲ್ಲಿ ಕತ್ತರಿಸಬೇಡಿ, ಮಳೆ ಹಿಡಿದಿರುವಾಗಲೂ ಬೇಡ, ಗಾಯದಿಂದ ಕೊಳೆ ಇಳಿಯುತ್ತದೆ. ಹಿಮ ಕಟ್ಟುವ ಊರುಗಳಲ್ಲಿ ಇದು ಕುಂಡದ ಗಿಡಕ್ಕಷ್ಟೇ ಸಾಧ್ಯ, ಅದೂ ಒಳಗೆ ಇಟ್ಟುಕೊಂಡರೆ. ಟೊಮೆಟೊ, ಸೌತೆಗಳನ್ನು ಉಳಿಸಿ ಪ್ರಯೋಜನವಿಲ್ಲ. ಎಲೆ ಮೇಲೆ ಬೂದಿಯೋ ಚುಕ್ಕೆಯೋ ಹಬ್ಬಿದ ಗಿಡದ ಪಕ್ಕದಲ್ಲಿ ಎಳೆಯ ಸಸಿ ನೆಟ್ಟರೆ ರೋಗ ಅದಕ್ಕೂ ದಾಟುತ್ತದೆ. ಅವನ್ನು ಬೇರುಸಮೇತ ಕಿತ್ತು, ರೋಗವಿದ್ದ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಬೇರೆಯೇ ತೆಗೆದುಹಾಕಿ. ಹುರುಳಿಕಾಯಿ, ಬಟಾಣಿಯನ್ನು ಮಾತ್ರ ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ, ಅದರ ಗಂಟುಗಳಲ್ಲಿ ಉಳಿದ ಸಾರಜನಕ ಮುಂದಿನ ಬೆಳೆಗೆ ಸಿಗುತ್ತದೆ. ಕಿತ್ತ ಬೇರೆ ಗಿಡಗಳ ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳು ಕಂಡರೆ ಮಾತ್ರ ಅದು ಮಣ್ಣಿನಲ್ಲಿದ್ದು ಬೇರಿಗೆ ಸೇರುವ ಸೂಕ್ಷ್ಮ ಜಂತುಹುಳುವಿನ ಕಾಟ. ಆ ಮಡಿಗೆ ಒಂದು ಕಾಲ ಒತ್ತಾಗಿ ಚೆಂಡುಹೂವನ್ನು ಮಾತ್ರ ಬೆಳೆದು, ತರಕಾರಿಯನ್ನು ಪಕ್ಕದ ಮಡಿಗೆ ಬದಲಾಯಿಸಿ.